ಮಂಗನ ಕಾಯಿಲೆ: ಹೇಳಿದ್ದು ತಲುಪಿತೇ?

ಮಳೆಗಾಲದಲ್ಲಿ ಗುಡವಿಯ ಕೆರೆ ತುಂಬಿತೆಂದರೆ ನೀರಿನಲ್ಲಿ ನಿಂತ ಮರಗಳ ಮೇಲೆ ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿಗಳ ಸಂಸಾರ ಶುರುವಾಗುತ್ತದೆ. ಶಿವಮೊಗ್ಗ ಜಿಲ್ಲೆಯ ಸೊರಬ ಪಟ್ಟಣದಿಂದ ಬನವಾಸಿ ಕಡೆಯ ರಸ್ತೆಯಲ್ಲಿ ಸುಮಾರು 16 ಕಿಲೋಮೀಟರ್. ಮುಕ್ಕಾಲು ಚದರ ಕಿಲೋಮೀಟರಿನಷ್ಟೇ ಇರುವ ಈ ಜಾಗ 1989ರಲ್ಲಿ ಪಕ್ಷಿಧಾಮವಾಯಿತು. ಹೊರಗಿನಿಂದ ಬರುವವರಿಗೆ ಗುಡವಿ ಎಂದರೆ ಹಕ್ಕಿ. ಇದೇ ತಾಲ್ಲೂಕಿನ ಇನ್ನೊಂದು ಊರು ಮಾತ್ರ ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆಲ್ಲ ಪರಿಚಿತ. ಅದು ಕ್ಯಾಸನೂರು.

1957ರ ಆರಂಭದಲ್ಲಿ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗಗಳು ಸಾಯತೊಡಗಿದವು. ಕಾಡಿಗೆ ಹೋಗಿಬಂದವರು ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮತ್ತವರ ತಂಡ ಪರೀಕ್ಷೆಗೆ ಇಳಿಯಿತು. ಮಂಗವೂ ಸಾಯುತ್ತಿದೆ, ಮನುಷ್ಯನೂ ಸಾಯುತ್ತಿದ್ದಾನೆ ಎಂದಾಗ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ದಿಗಿಲು ಮೊದಲು ಹುಟ್ಟಿತ್ತು. ಸಿಕ್ಕಿದ್ದು ಬೇರೆಯೇ ವೈರಸ್. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ ಬಳಗಕ್ಕೆ ಅದು ಸೇರಿತ್ತು. ರಷ್ಯಾ ಎಲ್ಲಿ, ಸೊರಬ ಎಲ್ಲಿ? ಹಾಗಿದ್ದರೆ ಉತ್ತರದಿಂದ ವಲಸೆ ಬರುವ ಹಕ್ಕಿಗಳೇ ಮೈಮೇಲಿನ ಉಣುಗಿನೊಂದಿಗೆ ರೋಗವನ್ನೂ ತಂದಿರಬಹುದೇ ಎಂಬ ಗುಮಾನಿ ಎದ್ದಿತು. ಸಾಲಿಂ ಅಲಿ ಅವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ ಕೈಗೊಂಡ ಹಕ್ಕಿ ವಲಸೆಯ ಅಧ್ಯಯನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ನೆರವಾದದ್ದರ ಹಿಂದೆ ಈ ಗುಮಾನಿಯೂ ಇತ್ತು. ಹಕ್ಕಿಯೇ ತಂದಿತೆಂಬುದಕ್ಕೆ ಪುರಾವೆ ಸಿಗಲಿಲ್ಲ.

ಹಾಗಾಗಿ ಗುಡವಿಯಲ್ಲಿ ದುರ್ಬೀನು ಹಿಡಿದು ಮೇಲೆ ನೋಡುವವರು ಹಕ್ಕಿಗೆ ಅಂಜಬೇಕಿಲ್ಲ. ಗಮನ ಇರಬೇಕಾದದ್ದು ಕಾಲ ಕೆಳಗಿನ ಒಣ ಎಲೆಯ ಮೇಲೆ. ಇಷ್ಟು ಸಣ್ಣ ಸಂಗತಿಯನ್ನು ಜನರಿಗೆ ಸರಿಯಾಗಿ ದಾಟಿಸುವುದು ಎಷ್ಟು ಕಷ್ಟ, ದಾಟಿಸದಿದ್ದರೆ ಏನಾಗುತ್ತದೆ ಎಂಬುದೇ ಈ ಬರಹದ ವಿಷಯ. ಈ ಕಾಯಿಲೆಗೆಂದೇ ಇರುವ ಔಷಧ ಇಂದಿಗೂ ಇಲ್ಲ. ದಶಕಗಳ ಕಾಲ ಕೊಟ್ಟ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಸದ್ಯಕ್ಕೆ ಮನೆಮನೆಗೆ ಹೋಗಿ ಕೊಡಬಹುದಾದದ್ದು ಒಂದು ಬಾಟಲಿ ಎಣ್ಣೆ ಮತ್ತು ನಾಲ್ಕು ಮಾತು. ಆ ನಾಲ್ಕು ಮಾತು ಅರ್ಥವಾಗದೆ ಹೋದರೆ ಎಣ್ಣೆಯೂ ಕೆಲಸ ಮಾಡುವುದಿಲ್ಲ.

ಕಾಯಿಲೆಯ ದಾರಿಯನ್ನು ಮೊದಲು ನೋಡೋಣ. ಕಾಡಿನ ಇಲಿ, ಮೂಗಿಲಿಯಂಥ ಸಣ್ಣ ಪ್ರಾಣಿಗಳಲ್ಲೂ ಉಣುಗುಗಳಲ್ಲೂ ವೈರಸ್ ಸದ್ದಿಲ್ಲದೆ ಸುತ್ತುತ್ತಿರುತ್ತದೆ. ಉಣುಗು ಕಚ್ಚಿ ಮುಸಿಯಕ್ಕೋ ಕೆಂಪು ಮಂಗಕ್ಕೋ ಸೋಂಕು ತಗುಲಿದರೆ ಅವುಗಳ ರಕ್ತದಲ್ಲಿ ವೈರಸ್ ವಿಪರೀತ ಹೆಚ್ಚುತ್ತದೆ. ಆ ರಕ್ತ ಹೀರಿದ ಉಣುಗುಗಳು ಮಂಗ ಸತ್ತು ಬಿದ್ದ ಜಾಗದಲ್ಲಿ ಉದುರಿ ನೆಲದ ಎಲೆಗಳ ನಡುವೆ ಸೇರಿಕೊಳ್ಳುತ್ತವೆ. ಅದೇ ಜಾಗಕ್ಕೆ ಸೊಪ್ಪಿಗೋ ಸೌದೆಗೋ ಬಂದ ಮನುಷ್ಯನ ಕಾಲು ಹತ್ತುತ್ತವೆ. ಮಂಗ ಕಚ್ಚಿ ಈ ರೋಗ ಬರುವುದಿಲ್ಲ. ಒಬ್ಬ ರೋಗಿಯಿಂದ ಇನ್ನೊಬ್ಬರಿಗೂ ಅಂಟುವುದಿಲ್ಲ. ರೋಗಿಯನ್ನು ಮನೆಯ ಮೂಲೆಗೆ ತಳ್ಳಬೇಕಾಗಿಲ್ಲ, ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ. ಕೋವಿಡ್ ಕಂಡ ಮೇಲೆ ಈ ಮಾತನ್ನು ಮೊದಲಿಗಿಂತ ಹೆಚ್ಚು ಸಲ ಹೇಳಬೇಕಾಗಿ ಬಂದಿದೆ.

ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಮರಿ ಉಣುಗು. ಅದು ಎಳ್ಳಿಗಿಂತ ಚಿಕ್ಕದು. ಮಲೆನಾಡಿನವರಿಗೆ ದನದ ಕಿವಿಯಲ್ಲಿ, ನಾಯಿಯ ಕತ್ತಿನಲ್ಲಿ ರಕ್ತ ಕುಡಿದು ದಪ್ಪಗಾದ ಉಣುಗು ಗೊತ್ತು. ಉಣುಗು ಕಚ್ಚಿತೇ ಎಂದು ಆಸ್ಪತ್ರೆಯಲ್ಲಿ ಕೇಳಿದರೆ ಅವರ ಕಣ್ಣ ಮುಂದೆ ಬರುವುದೂ ಅದೇ. ಇಲ್ಲ ಎನ್ನುತ್ತಾರೆ. ಸುಳ್ಳಲ್ಲ, ಅವರು ಕಂಡಿದ್ದಿಲ್ಲ. ಇಲ್ಲಿ ಪ್ರಶ್ನೆಯೇ ಬದಲಾಗಬೇಕು. ಉಣುಗು ಕಚ್ಚಿತೇ ಎನ್ನುವ ಬದಲು, ಕಳೆದ ಎಂಟು ಹತ್ತು ದಿನದಲ್ಲಿ ಕಾನಿಗೆ (ಊರಿಗೆ ಅಂಟಿದ ಕಾಡಿಗೆ) ಹೋಗಿದ್ದಿರಾ, ದರಗು (ಉದುರಿದ ಒಣ ಎಲೆ) ಗುಡಿಸಿದ್ದಿರಾ, ದನ ಹುಡುಕಿಕೊಂಡು ಹೋಗಿದ್ದಿರಾ ಎಂದು ಕೇಳಿದರೆ ಉತ್ತರ ಬೇರೆಯೇ ಬರುತ್ತದೆ. ಕಚ್ಚಿದ ಮೇಲೆ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಎಂಟು ದಿನ ಬೇಕು. ಹಾಗಾಗಿ ನಿನ್ನೆ ಮೊನ್ನೆಯ ಓಡಾಟ ಕೇಳಿದರೆ ಸಾಲದು.

ಕಾಲದ ವಿಷಯದಲ್ಲೂ ಇಂಥದೇ ತೊಡಕು. ಮಳೆಗಾಲದಲ್ಲಿ ಕಾಡಿಗೆ ಹೋಗುವವರು ಉಂಬಳಕ್ಕೆ ಹೆದರಿ ಕಾಲಿಗೆ ಸುಣ್ಣವೋ ಹೊಗೆಸೊಪ್ಪಿನ ನೀರೋ ಹಚ್ಚುವುದುಂಟು. ಉಂಬಳ ಕಣ್ಣಿಗೆ ಕಾಣುತ್ತದೆ, ಕಚ್ಚಿದ ಜಾಗದಲ್ಲಿ ರಕ್ತ ಸುರಿಯುತ್ತದೆ, ಭಯ ತಾನಾಗಿ ಬರುತ್ತದೆ. ನವೆಂಬರ್ ಬಂದು ನೆಲ ಒಣಗಿದರೆ ಉಂಬಳ ಮಾಯ, ಕಾಲಿಗೆ ಹಚ್ಚುವ ಅಭ್ಯಾಸವೂ ಮಾಯ. ಮರಿ ಉಣುಗು ಏಳುವುದು ಸರಿಯಾಗಿ ಆಗಲೇ. ಅಡಿಕೆ ಕೊಯ್ಲು, ದರಗು ಒಟ್ಟುವುದು, ಸೌದೆ ತರುವುದು ಎಲ್ಲವೂ ಅದೇ ತಿಂಗಳುಗಳಲ್ಲಿ ಬರುತ್ತವೆ. ಜನವರಿಯಿಂದ ಮಾರ್ಚಿನವರೆಗೆ ರೋಗಿಗಳು ಹೆಚ್ಚು, ಮೇ ಹೊತ್ತಿಗೆ ಇಳಿಮುಖ. ಉಂಬಳ ಹೋದ ಮೇಲೆಯೇ ಕಾಲಿಗೆ ಹಚ್ಚಬೇಕು ಎಂದು ಹೇಳಿದರೆ ನಮ್ಮ ಕಡೆಯ ಯಾರಿಗೂ ತಿಂಗಳ ಪಟ್ಟಿ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಈಗ ಎಣ್ಣೆಯ ವಿಷಯ. ಹಿಂದೆ ಡಿಎಂಪಿ ಎಣ್ಣೆ ಹಂಚುತ್ತಿದ್ದರು, ಈಚೆಗೆ ರಕ್ಷಣಾ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ಡೆಪಾ ಎಣ್ಣೆಯನ್ನು ಆಶಾ ಕಾರ್ಯಕರ್ತೆಯರು ಮನೆಮನೆಗೆ ತಲುಪಿಸುತ್ತಾರೆ. ಜಗಲಿಯ ಮೇಲೆ ಹೀಗೊಂದು ಮಾತುಕತೆ ನಡೆಯಿತೆಂದು ಇಟ್ಟುಕೊಳ್ಳಿ.

“ದೊಡ್ಡಮ್ಮ, ಹೋದ್ಸಲ ಎಣ್ಣೆ ಕೊಟ್ಟಿದ್ನಲ್ಲ, ಐತಾ?”

“ಐತೆ ತಂಗಿ. ಹಾಳಾಗಬಾರ್ದು ಅಂತ ಎತ್ತಿಟ್ಟೀನಿ.”

“ಯಾವಾಗ ಹಚ್ಕೊಳ್ತೀರಿ?”

“ಜ್ವರ ಬಂದಾಗ. ಮೈ ಕೈ ನೋವಿಗೆ ಅಲ್ವಾ ಅದು?”

ಆಶಾ ಕಾರ್ಯಕರ್ತೆ ಮೊದಲ ಸಲವೇ ತಪ್ಪಿಲ್ಲದೆ ಎಲ್ಲವನ್ನೂ ಹೇಳಿರುತ್ತಾಳೆ. ದೊಡ್ಡಮ್ಮ ತಲೆಯನ್ನೂ ಆಡಿಸಿರುತ್ತಾರೆ. ಆದರೆ ಮಲೆನಾಡಿನ ಮನೆಯಲ್ಲಿ ಬಾಟಲಿಯಲ್ಲಿರುವ ಎಣ್ಣೆ ಎಂದರೆ ನೋವಿಗೆ ತಿಕ್ಕುವುದು. ಹೊಸ ಮಾತು ಹಳೆಯ ತಿಳಿವಳಿಕೆಯ ಪಕ್ಕದಲ್ಲಿ ಹೋಗಿ ಕೂತಿತು. ಎರಡನೆಯ ಸಲ “ಯಾವಾಗ ಹಚ್ಕೊಳ್ತೀರಿ” ಎಂದು ಕೇಳಿದ್ದರಿಂದಲೇ ಅದು ಬಯಲಾಯಿತು. “ಹಚ್ಕೊಳ್ತೀರಲ್ಲ?” ಎಂದು ಕೇಳಿದ್ದರೆ “ಹೂಂ” ಎಂಬ ಉತ್ತರ ಬರುತ್ತಿತ್ತು. ರಿಜಿಸ್ಟರಿನಲ್ಲಿ ಅರಿವು ಮೂಡಿಸಲಾಗಿದೆ ಎಂಬ ಸಾಲೂ ಬೀಳುತ್ತಿತ್ತು.

ಹೇಳಬೇಕಾದದ್ದು ಕೊನೆಗೆ ಇಷ್ಟೇ: ಈ ಎಣ್ಣೆ ಕಾಯಿಲೆ ಬಂದ ಮೇಲೆ ಹಚ್ಚುವುದಲ್ಲ, ಕಾನಿಗೆ ಹೊರಡುವ ಮುಂಚೆ ಹಚ್ಚುವುದು. ಬಟ್ಟೆ ಮುಚ್ಚದ ಕೈಗೂ ಕಾಲಿಗೂ ಹಚ್ಚಬೇಕು. ಗಾಯಕ್ಕೆ, ಕಣ್ಣಿಗೆ ತಾಗಿಸಬಾರದು. ಅದರ ಶಕ್ತಿ ಕೆಲವು ತಾಸು ಮಾತ್ರ ಉಳಿಯುತ್ತದೆ, ಬೆಳಿಗ್ಗೆ ಹಚ್ಚಿದ್ದು ಸಂಜೆಯವರೆಗೆ ಕಾಯುವುದಿಲ್ಲ. ಮನೆಗೆ ಬಂದ ಕೂಡಲೇ ಬಿಸಿನೀರು ಸೋಪಿನಲ್ಲಿ ಸ್ನಾನ ಮಾಡಬೇಕು, ಉಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕಬೇಕು. ಮೈಮೇಲೆ ಉಣುಗು ಕಂಡರೆ ಬೆರಳಲ್ಲಿ ಹಿಸುಕಬಾರದು, ಬೀಡಿಯಲ್ಲಿ ಸುಡಬಾರದು, ಚಿಮ್ಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆಯಬೇಕು.

ಇದನ್ನೆಲ್ಲ ಹೇಳುವ ಕರಪತ್ರಗಳು ಬೇಕಾದಷ್ಟಿವೆ. ಅವುಗಳಲ್ಲಿ ಹಲವಾರು ಕಾಡಿಗೆ ಹೋಗಬೇಡಿ ಎಂಬ ಸೂಚನೆಯಿಂದ ಆರಂಭವಾಗುತ್ತವೆ. ಸೊರಬದವರಿಗೆ ಈ ಸಾಲು ಹೇಳುವುದರಲ್ಲಿ ಅರ್ಥವಿಲ್ಲ. ಸೊರಬ ಕಾನುಗಳ ಸೀಮೆ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಸಲ್ಲಿಸಿದ ವರದಿ ಈ ಒಂದು ತಾಲ್ಲೂಕಿನಲ್ಲೇ 171 ಕಾನುಗಳಿದ್ದವೆಂದು ಹೇಳುತ್ತದೆ. ಊರು, ಗದ್ದೆ, ಅಡಿಕೆ ತೋಟ, ಕಾನು ಇವು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಕೊಟ್ಟಿಗೆಯ ದನಕ್ಕೆ ಹಾಸಲು ದರಗು ಬೇಕು, ಆ ದರಗೇ ಗೊಬ್ಬರವಾಗಿ ತೋಟಕ್ಕೆ ಹೋಗಬೇಕು. ಕಾನಿಗೆ ಹೋಗಬೇಡಿ ಎಂದರೆ ಬೇಸಾಯ ಬಿಡಿ ಎಂದ ಹಾಗೆಯೇ. ಪಾಲಿಸಲಾಗದ ಸಲಹೆಯನ್ನು ಮೊದಲ ಸಾಲಿನಲ್ಲಿ ಇಟ್ಟರೆ, ಪಾಲಿಸಬಹುದಾದ ಮುಂದಿನ ಸಾಲುಗಳನ್ನೂ ಜನ ಓದದೆ ಬಿಡುತ್ತಾರೆ. ಬೇಕಾದದ್ದು ಹೋಗುವ ಬಗೆ: ಯಾವ ಕಾನಿನಲ್ಲಿ ಮಂಗ ಸತ್ತಿದೆ, ಆ ಕಡೆ ಎಷ್ಟು ದಿನ ಹೋಗಬಾರದು, ದರಗನ್ನು ಬೇರೆ ಎಲ್ಲಿಂದ ತರಬಹುದು, ತಂದದ್ದನ್ನು ಮನೆಯೊಳಗೆ ಒಟ್ಟದೆ ಎಲ್ಲಿ ಒಟ್ಟಬೇಕು. ಇಷ್ಟು ಹೇಳಲು ಊರಿನ ನಕ್ಷೆ ಗೊತ್ತಿರುವವರೇ ಬೇಕು. ಬೆಂಗಳೂರಿನಲ್ಲಿ ಅಚ್ಚಾದ ಒಂದೇ ಕರಪತ್ರದಿಂದ ಆಗುವ ಕೆಲಸವಲ್ಲ.

ಕಾಡಿನ ಅಂಚು ಕದಲಿದಾಗ ಕಾಯಿಲೆ ಎಷ್ಟು ಉಗ್ರವಾಗಬಲ್ಲದು ಎಂಬುದಕ್ಕೆ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ ಸುತ್ತಲಿನ ಅನುಭವವಿದೆ. ಗೇರು ತೋಟಕ್ಕಾಗಿ ಕಾಡು ಕಡಿದ ಮೇಲೆ 1983ರಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ರೋಗ ತಗುಲಿ ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಮತ್ತೆ ಭುಗಿಲೆದ್ದಿತು. ಚಾಮರಾಜನಗರ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ, ಹೀಗೆ ಪಶ್ಚಿಮ ಘಟ್ಟದುದ್ದಕ್ಕೂ ಈಗ ಇದರ ಹೆಜ್ಜೆ ಇದೆ.

ಜ್ವರ ಬಂದು ಆಸ್ಪತ್ರೆಗೆ ಹೋದ ರೋಗಿಯ ಕಡೆಗೆ ಬರೋಣ. ನನಗೆ ಹೆಚ್ಚು ಆತಂಕವಿರುವುದು ಇಲ್ಲಿಯೇ. ಕಾಯಿಲೆ ಇದ್ದಕ್ಕಿದ್ದಂತೆ ಶುರುವಾಗುತ್ತದೆ. ಚಳಿ ಜ್ವರ, ತಲೆ ಸಿಡಿಯುವ ನೋವು, ಸೊಂಟ ಮತ್ತು ಮಾಂಸಖಂಡಗಳ ನೋವು, ಕೆಂಪು ಕಣ್ಣು, ವಾಂತಿ, ಕೆಲವರಿಗೆ ಮೂಗಿನಲ್ಲಿ ವಸಡಿನಲ್ಲಿ ರಕ್ತ. ಮೈಕೈ ನೋವು ತಡೆಯಲಾಗದೆ ಜನ ಕೇಳುವುದು ಒಂದು ನೋವಿನ ಇಂಜೆಕ್ಷನ್. ರಕ್ತಸ್ರಾವದ ಅಪಾಯವಿರುವ ಜ್ವರದಲ್ಲಿ ಆಸ್ಪಿರಿನ್, ಡೈಕ್ಲೋಫಿನಾಕ್ ಜಾತಿಯ ನೋವುನಿವಾರಕಗಳನ್ನು ದೂರವಿಡಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್, ಜೊತೆಗೆ ಸಾಕಷ್ಟು ನೀರಿನಂಶ, ವೈದ್ಯರ ನಿಗಾ. ಇಂಜೆಕ್ಷನ್ ಕೊಡದ ಡಾಕ್ಟರು ಏನೂ ಮಾಡಲಿಲ್ಲ ಎಂದು ರೋಗಿ ಸಿಟ್ಟಾಗಿ ಇನ್ನೊಂದು ಕಡೆ ಹೋಗುವುದು ಯಾಕೆ ಕೊಡಲಿಲ್ಲ ಎಂಬುದನ್ನು ಯಾರೂ ಹೇಳದೆ ಇದ್ದಾಗ. “ಈ ಜ್ವರದಲ್ಲಿ ರಕ್ತ ಹೆಪ್ಪುಗಟ್ಟುವ ಶಕ್ತಿ ಕಡಿಮೆಯಾಗಿರುತ್ತದೆ, ಆ ಇಂಜೆಕ್ಷನ್ ಕೊಟ್ಟರೆ ಒಳಗೆ ರಕ್ತ ಸೋರಬಹುದು” ಎನ್ನಲು ಹತ್ತು ಸೆಕೆಂಡು ಸಾಕು.

ಐದಾರು ದಿನದಿಂದ ಎರಡು ವಾರದೊಳಗೆ ಬಹುತೇಕರ ಜ್ವರ ಇಳಿಯುತ್ತದೆ. ಕಾಯಿಲೆಯ ಕಪಟ ಇರುವುದು ಇದರ ಮುಂದಿನ ಹಂತದಲ್ಲಿ. ನೂರರಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ, ಸುಮಾರು ಮೂರನೆಯ ವಾರದ ಹೊತ್ತಿಗೆ ಜ್ವರ ಮರುಕಳಿಸುತ್ತದೆ. ಈ ಸಲ ವಿಪರೀತ ತಲೆನೋವು, ಕೈನಡುಕ, ಮಂಕು, ದೃಷ್ಟಿಯ ತೊಂದರೆ ಜೊತೆಗೂಡುತ್ತವೆ. ಒಟ್ಟಾರೆ ನೂರು ರೋಗಿಗಳಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆಂದು ಅಂದಾಜು. ನಡುವಿನ ಆರಾಮದ ದಿನಗಳಲ್ಲಿ ಕೊಯ್ಲಿನ ಕೂಲಿಯವನು ಮನೆಯಲ್ಲಿ ಕೂರುವುದಿಲ್ಲ. ಜ್ವರ ಬಿಟ್ಟಿತು, ಕೆಲಸಕ್ಕೆ ಹೊರಟ. ಜ್ವರ ಮರಳಿದಾಗ ಅವನು ಇದನ್ನು ಬೇರೆ ಜ್ವರ ಎಂದುಕೊಳ್ಳುತ್ತಾನೆ. ಕೈ ನಡುಗುತ್ತಿದೆ, ಮಾತು ತೊದಲುತ್ತಿದೆ ಎಂದರೆ ಮನೆಯವರು ಗಾಳಿ ಸೋಕಿರಬೇಕೆಂದು ಬೇರೆಡೆ ಕರೆದೊಯ್ಯುವುದೂ ಉಂಟು. ಹಾಗಾಗಿ ಡಿಸ್ಚಾರ್ಜಿನ ದಿನ ಹೇಳುವ ಮಾತು ದಾಖಲಾದ ದಿನದ ಡ್ರಿಪ್ಪಿನಷ್ಟೇ ಮುಖ್ಯ. ಅದನ್ನು ರೋಗಿಗೆ ಮಾತ್ರ ಹೇಳಿದರೂ ಸಾಲದು, ಏಕೆಂದರೆ ಎರಡನೆಯ ಹಂತದಲ್ಲಿ ಮಂಕು ಕವಿಯುವುದು ಅವನಿಗೇ. ಮನೆಯಲ್ಲಿ ಗಮನಿಸುವ ಹೆಂಡತಿಗೋ ತಾಯಿಗೋ ಹೇಳಬೇಕು. ದಿನಾಂಕ ಹಾಕಿ ಹೇಳಬೇಕು: ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಮತ್ತೆ ಜ್ವರವೋ ನಡುಕವೋ ಕಂಡರೆ ರಾತ್ರಿಯಾದರೂ ಸರಿ, ಕಾಯಬೇಡಿ.

ಇಷ್ಟೆಲ್ಲ ಹೇಳಲು ಪುರುಸೊತ್ತೆಲ್ಲಿದೆ ಎಂಬುದು ವೈದ್ಯರ ಪ್ರಶ್ನೆ. ನ್ಯಾಯವಾದದ್ದೇ. 67 ದೇಶಗಳ ಮಾಹಿತಿ ಸೇರಿಸಿ 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ಭಾರತದಲ್ಲಿ ವೈದ್ಯರ ಮುಂದೆ ರೋಗಿಗೆ ಸಿಗುವ ಸಮಯ ಸರಾಸರಿ 2.3 ನಿಮಿಷ. ಸ್ವೀಡನ್ನಿನಲ್ಲಿ 22 ನಿಮಿಷಕ್ಕೂ ಹೆಚ್ಚು. ಹೊರಗೆ ನೂರು ಜನ ಸಾಲು ನಿಂತಿರುವ ತಾಲ್ಲೂಕು ಆಸ್ಪತ್ರೆಯ ಒಬ್ಬ ವೈದ್ಯರನ್ನು ಈ ಕೊರತೆಗೆ ಹೊಣೆ ಮಾಡುವುದು ಅನ್ಯಾಯ. ಆದರೆ ಆ ಎರಡು ನಿಮಿಷದಲ್ಲಿ ಹೇಳಿದ್ದು ಎಷ್ಟು ಉಳಿಯುತ್ತದೆ ಎಂಬುದನ್ನೂ ನೋಡಬೇಕಲ್ಲ. ನೆದರ್ಲೆಂಡ್ಸಿನ ರಾಯ್ ಕೆಸೆಲ್ಸ್ 2003ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ವೈದ್ಯರು ಹೇಳಿದ್ದರಲ್ಲಿ ಶೇ 40ರಿಂದ 80ರಷ್ಟನ್ನು ರೋಗಿಗಳು ಆ ಕೂಡಲೇ ಮರೆಯುತ್ತಾರೆ, ನೆನಪಿಟ್ಟುಕೊಂಡದ್ದರಲ್ಲೂ ಅರ್ಧದಷ್ಟು ತಪ್ಪಾಗಿರುತ್ತದೆ. ಅಲ್ಲಿಯ ರೋಗಿಗಳು ಓದಿದವರೇ. ಹೆದರಿಕೆಯಲ್ಲಿದ್ದಾಗ ಎಲ್ಲರ ಕಿವಿಯೂ ಮುಚ್ಚುತ್ತದೆ.

ಇದಕ್ಕೆ ಹೆಚ್ಚು ಖರ್ಚಿಲ್ಲದ ಉಪಾಯವೊಂದಿದೆ: ಹೇಳಿದ್ದನ್ನು ರೋಗಿಯ ಬಾಯಿಂದಲೇ ಹೇಳಿಸುವುದು. “ಅರ್ಥವಾಯಿತಾ?” ಎಂದು ಕೇಳುವುದು ಇದಲ್ಲ. ಡಾಕ್ಟರ ಮುಂದೆ ಅರ್ಥವಾಗಲಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ? “ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು, ಮನೆಗೆ ಹೋಗಿ ಅಮ್ಮನಿಗೆ ಏನು ಹೇಳ್ತೀರಿ, ಒಂದು ಸಲ ಹೇಳಿ ನೋಡೋಣ” ಎಂದರೆ ಪರೀಕ್ಷೆಗೆ ಒಳಗಾಗುವವರು ಹೇಳಿದವರು, ಕೇಳಿದವರಲ್ಲ. ಅಮೆರಿಕದಲ್ಲಿ ಡೀನ್ ಶಿಲ್ಲಿಂಜರ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯವರ ಭೇಟಿಗಳನ್ನು ಧ್ವನಿಮುದ್ರಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೈದ್ಯರು ಹೊಸದಾಗಿ ಹೇಳಿದ 124 ವಿಷಯಗಳಲ್ಲಿ ಹೀಗೆ ಮರಳಿ ಕೇಳಿ ನೋಡಿದ್ದು 15ನ್ನು ಮಾತ್ರ. ಕೇಳಿ ನೋಡಿದ ವೈದ್ಯರ ರೋಗಿಗಳಲ್ಲಿ ಸಕ್ಕರೆ ಹೆಚ್ಚು ಹತೋಟಿಯಲ್ಲಿತ್ತು. ಹಾಗೆ ಕೇಳಿದ್ದರಿಂದ ಭೇಟಿಯ ಅವಧಿ ಉದ್ದವಾಗಲೂ ಇಲ್ಲ. ವೈದ್ಯರಿಗೆ ಆಗದಿದ್ದರೆ ಶುಶ್ರೂಷಕಿಯರು, ಔಷಧ ಕೊಡುವ ಕೌಂಟರಿನವರು, ಆಶಾ ಕಾರ್ಯಕರ್ತೆಯರು ಈ ಕೆಲಸ ಮಾಡಬಹುದು. ಆದರೆ ಯಾರಾದರೂ ಒಬ್ಬರು ಮಾಡಲೇಬೇಕು.

ರಕ್ತಪರೀಕ್ಷೆಯ ವಿಷಯದಲ್ಲೂ ಒಂದು ವಿವರಣೆ ಬಾಕಿ ಉಳಿಯುತ್ತದೆ. ಜ್ವರದ ಮೊದಲ ಕೆಲವು ದಿನ ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಮಾಡುತ್ತಾರೆ, ದಿನ ಕಳೆದ ಮೇಲೆ ದೇಹ ತಯಾರಿಸಿದ ಪ್ರತಿಕಾಯಗಳನ್ನು ನೋಡುತ್ತಾರೆ. ಯಾವತ್ತು ಜ್ವರ ಶುರುವಾಯಿತು ಎಂಬ ಉತ್ತರದ ಮೇಲೆ ಯಾವ ಪರೀಕ್ಷೆ ಎಂಬುದು ನಿಂತಿರುತ್ತದೆ. ಪದೇಪದೇ ಅದೇ ಪ್ರಶ್ನೆ ಕೇಳುತ್ತಾರಲ್ಲ ಎಂದು ಬೇಸರಿಸುವ ಮನೆಯವರಿಗೆ ಕಾರಣ ಹೇಳಿದರೆ ಅವರು ಸಂತೆಯ ದಿನವನ್ನೋ ಹಬ್ಬವನ್ನೋ ನೆನೆದು ನಿಖರವಾಗಿ ಲೆಕ್ಕ ಕೊಡುತ್ತಾರೆ.

ಲಸಿಕೆಯ ಕಥೆ ಇನ್ನಷ್ಟು ನೋವಿನದು. ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ವೈರಸ್ಸಿನಿಂದ ತಯಾರಾದ ಲಸಿಕೆಯದು. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೂ ವರ್ಷ ವರ್ಷ ಬೂಸ್ಟರ್. ಚುಚ್ಚಿದ ಜಾಗ ಚೆನ್ನಾಗಿ ನೋಯುತ್ತಿತ್ತು. ಒಂದು ಸಲ ಹಾಕಿಸಿಕೊಂಡು ಆಯಿತೆಂದುಕೊಂಡವರು ಬಹಳ. 2005ರಿಂದ 2010ರವರೆಗಿನ ಅಂಕಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನ, ಎರಡು ಡೋಸ್ ಪಡೆದವರಲ್ಲಿ ಲಸಿಕೆಯ ಪರಿಣಾಮ ಶೇ 62.4, ಬೂಸ್ಟರನ್ನೂ ಪಡೆದವರಲ್ಲಿ ಶೇ 82.9 ಎಂದಿತು. ಒಂದೇ ಡೋಸ್ ಪಡೆದವರಿಗೆ ರಕ್ಷಣೆ ಸಿಕ್ಕಿರಲಿಲ್ಲ.

ಶೇ 62 ಎಂದರೇನು? ಹಾಕಿಸಿಕೊಂಡ ನೂರು ಜನರಲ್ಲಿ 38 ಮಂದಿಗೆ ಕಾಯಿಲೆ ಬಂದೇ ಬರುತ್ತದೆ ಎಂದು ತಿಳಿದವರಿದ್ದಾರೆ. ಹಾಗಲ್ಲ. ಒಂದೇ ಗಾತ್ರದ ಎರಡು ಊರು ಇವೆ ಎನ್ನಿ. ಯಾರೂ ಲಸಿಕೆ ಹಾಕಿಸಿಕೊಳ್ಳದ ಊರಿನಲ್ಲಿ ನೂರು ಜನಕ್ಕೆ ಕಾಯಿಲೆ ಬಂದರೆ, ಎಲ್ಲರೂ ಹಾಕಿಸಿಕೊಂಡ ಊರಿನಲ್ಲಿ 38 ಜನಕ್ಕೆ ಬರುತ್ತದೆ. ಉಳಿದ 62 ಮಂದಿ ಗುಡ್ಡದ ಕೆಲಸ ಮಾಡಿಕೊಂಡು ಆರಾಮಾಗಿರುತ್ತಾರೆ. ಇದನ್ನು ಮೊದಲೇ ಬಿಡಿಸಿ ಹೇಳಿದ್ದರೆ, ಲಸಿಕೆ ಹಾಕಿಸಿಕೊಂಡ ಪಕ್ಕದ ಮನೆಯವನಿಗೂ ಕಾಯಿಲೆ ಬಂದಾಗ ನಂಬಿಕೆ ಪೂರ್ತಿ ಕಳಚಿ ಬೀಳುತ್ತಿರಲಿಲ್ಲ. ಲಸಿಕೆಯ ಗುಣಮಟ್ಟವೇ ಆಮೇಲೆ ಕುಸಿಯಿತು, ನಿಲ್ಲಿಸಿದ್ದು ಸರಿಯೇ. ಆದರೆ ಹಾಕಿಸಿಕೊಳ್ಳಿ ಎಂದು ವರ್ಷಗಟ್ಟಲೆ ಮನೆ ಬಾಗಿಲಿಗೆ ಬಂದವರು, ಇನ್ನು ಯಾಕೆ ಕೊಡುವುದಿಲ್ಲ ಎಂಬುದನ್ನೂ ಅಷ್ಟೇ ಶ್ರದ್ಧೆಯಿಂದ ಮನೆ ಬಾಗಿಲಿಗೆ ಬಂದು ಹೇಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಜೊತೆ ಸೇರಿ ಹೊಸ ಲಸಿಕೆಯನ್ನು ಸಿದ್ಧಪಡಿಸುತ್ತಿದೆ. ಅದು ಬಂದಾಗ ಹಳೆಯದಕ್ಕಿಂತ ಹೇಗೆ ಬೇರೆ ಎಂಬ ಪ್ರಶ್ನೆಯೇ ಮೊದಲು ಎದುರಾಗುವುದು.

ಸಂಖ್ಯೆಯನ್ನು ಬಿಡಿಸಿ ಹೇಳದಿದ್ದರೆ ಏನಾಗುತ್ತದೆಂದು ನೋಡಲು ಪಕ್ಕದ ಸಾಗರ ತಾಲ್ಲೂಕಿನ ಹಂದಿಗೋಡಿಗೆ ಹೋಗಬಹುದು. 1970ರ ದಶಕದಲ್ಲಿ ಅಲ್ಲಿಯ ಬಡ ದಲಿತ ಕುಟುಂಬಗಳಲ್ಲಿ ಸೊಂಟ, ಮಂಡಿಯ ಕೀಲುಗಳು ಸವೆದು ಬೆನ್ನು ಬಾಗುವ ಕಾಯಿಲೆ ಬೆಳಕಿಗೆ ಬಂತು. ಕೀಟನಾಶಕ ಸೇರಿದ ಗದ್ದೆಯ ಏಡಿ ತಿಂದದ್ದರಿಂದ ಬಂತು ಎಂದು ಮೊದಲು ಹೇಳಿದರು. ಸಂಶೋಧನೆ ಮುಂದುವರಿದಂತೆ ವಂಶವಾಹಿಯ ಕಾರಣ ಸ್ಪಷ್ಟವಾಯಿತು. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೂ ಪ್ರತಿ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಇಬ್ಬರು ಮಕ್ಕಳಾದರೆ ಒಬ್ಬರಿಗೆ ಬರುತ್ತದೆ, ಇನ್ನೊಬ್ಬರು ಪಾರು ಎಂದು ಇದನ್ನು ಅರ್ಥ ಮಾಡಿಕೊಂಡರೆ ಒಂದು ಕುಟುಂಬ ತಪ್ಪು ನಂಬಿಕೆಯಲ್ಲಿ ಮುಂದಿನ ಹೆಜ್ಜೆ ಇಡುತ್ತದೆ. ಪ್ರತಿ ಬಸಿರಿಗೂ ಲೆಕ್ಕ ಹೊಸದಾಗಿ ಶುರು ಎಂದು ಹೇಳಬೇಕು. ರಕ್ತ ಕೊಟ್ಟು, ಎಕ್ಸ್‌ರೇಗೆ ಮೈಯೊಡ್ಡಿದವರಿಗೆ ಇಷ್ಟನ್ನಾದರೂ ಬಿಡಿಸಿ ಹೇಳುವುದು ಸಂಶೋಧಕರ ಋಣ.

ಕನ್ನಡದಲ್ಲಿ ಹೀಗೆ ಬಿಡಿಸಿ ಹೇಳುವವರ ಪರಂಪರೆಯೇ ಇದೆ. ಇದೇ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನ ಅವರು ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’, ‘ಕೇಳು ಕಿಶೋರಿ’ ಬರೆದು, ಮನೆಯಲ್ಲಿ ಯಾರೂ ಬಾಯಿಬಿಡದ ವಿಷಯಗಳನ್ನು ಹೆಣ್ಣುಮಕ್ಕಳ ಕೈಗೆ ತಲುಪಿಸಿದರು. ಕಾಯಿಲೆಯ ಬಗ್ಗೆ ಬರೆಯುವವರು ಎದುರಿಗೆ ಒಬ್ಬ ಓದುಗಳನ್ನು ಕೂರಿಸಿಕೊಂಡು ಬರೆಯಬೇಕು ಎಂಬುದನ್ನು ಅವರಿಂದ ಕಲಿಯಬಹುದು. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು ಸರ್ಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಕೋರಿದಾಗ ದೊಡ್ಡ ಚರ್ಚೆಯಾಯಿತು. ಮಾತ್ರೆಯ ಹೆಸರು ಕನ್ನಡದಲ್ಲಿದ್ದರೆ ಒಳ್ಳೆಯದೇ. ನನ್ನ ಮಟ್ಟಿಗೆ ಅದಕ್ಕಿಂತ ತುರ್ತಾದದ್ದು ಹೆಸರಿನ ಕೆಳಗಿನ ಸಾಲು: ಯಾವ ಹೊತ್ತಿಗೆ, ಉಂಡ ಮೇಲೋ ಮೊದಲೋ, ಎಷ್ಟು ದಿನ, ಯಾವುದು ಕಂಡರೆ ನಿಲ್ಲಿಸಬೇಕು, ಯಾವುದು ಕಂಡರೆ ಓಡಿ ಬರಬೇಕು. ರೋಗಿಗೆ ತಿಳಿಯುವ ಭಾಷೆಯಲ್ಲಿ ಮಾಹಿತಿ ಪಡೆಯುವುದು ಹಕ್ಕು ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಪತ್ರವೂ ಹೇಳುತ್ತದೆ.

ಕೊನೆಯದಾಗಿ, ಮಾಹಿತಿ ಆಸ್ಪತ್ರೆಯಿಂದ ಊರಿಗೆ ಮಾತ್ರ ಹರಿಯುವುದಲ್ಲ. 1957ರಲ್ಲಿ ಮಂಗದ ಸಾವಿಗೂ ಮನುಷ್ಯರ ಜ್ವರಕ್ಕೂ ನಂಟಿದೆ ಎಂಬುದನ್ನು ಮೊದಲು ಕಂಡವರು ಈ ಸೀಮೆಯ ಹಳ್ಳಿಗರು. ಮಂಗನ ಕಾಯಿಲೆ ಎಂಬ ಹೆಸರೂ ಅವರದೇ. ಇಂದಿಗೂ ಇಡೀ ಮುನ್ನೆಚ್ಚರಿಕೆ ವ್ಯವಸ್ಥೆ ನಿಂತಿರುವುದು ಕಾನಿನಲ್ಲಿ ಸತ್ತ ಮಂಗ ಕಂಡವರು ಫೋನು ಮಾಡುತ್ತಾರೆ ಎಂಬ ಭರವಸೆಯ ಮೇಲೆ. ಕರೆ ಬಂದರೆ ಸಿಬ್ಬಂದಿ ಹೋಗಿ ಮಂಗದ ಮಾದರಿ ತೆಗೆದು ಪರೀಕ್ಷೆಗೆ ಕಳಿಸಬೇಕು, ಶವದ ಸುತ್ತ 50 ಅಡಿಗೆ ಮೆಲಾಥಿಯಾನ್ ಪುಡಿ ಎರಚಬೇಕು, ಆ ಕಡೆ ಹೋಗಬೇಡಿ ಎಂದು ಊರಿಗೆ ತಿಳಿಸಬೇಕು. ಪರೀಕ್ಷೆಯ ಫಲಿತಾಂಶ ಇಲಾಖೆಯ ವರದಿಗೆ ಸೇರುತ್ತದೆ. ಫೋನು ಮಾಡಿದವನಿಗೂ ಅದು ತಲುಪಬೇಕು. ನೀವು ತಿಳಿಸಿದ ಮಂಗದಲ್ಲಿ ವೈರಸ್ ಇತ್ತು, ಅಥವಾ ಇರಲಿಲ್ಲ, ಇಂಥ ಕಾನಿಗೆ ಇಷ್ಟು ದಿನ ಹೋಗಬೇಡಿ ಎಂದು ಒಂದು ಕರೆ, ಗ್ರಾಮ ಪಂಚಾಯಿತಿಯ ಫಲಕದಲ್ಲಿ ಒಂದು ಚೀಟಿ, ಡೇರಿಗೆ ಹಾಲು ಹಾಕಲು ಬೆಳಿಗ್ಗೆ ಬರುವವರಿಗೆ ಒಂದು ಮಾತು. ತನ್ನ ಫೋನಿಗೆ ಉತ್ತರ ಬಂತೆಂದು ಕಂಡವನು ಮುಂದಿನ ನವೆಂಬರಿನಲ್ಲಿ ಇನ್ನೊಂದು ಮುಸಿಯ ಸತ್ತದ್ದನ್ನು ಕಂಡರೆ ಮತ್ತೆ ಫೋನು ಮಾಡುತ್ತಾನೆ.